ಹಪ್ಪಳ ಖಾರದ ನೆಲ: ಮಖಾಡಿಖಾಡಿಗೆ ಎರಡು ಸಲ

ನಮ್ಮವರಿಗೆ ಬೋಟ್ಸ್‌ವಾನಾದ ರಾಜಧಾನಿ ಗ್ಯಾಬರೋನಿನಲ್ಲಿ ಎರಡು ವರ್ಷದ ಕೆಲಸ. ಮೊದಲ ವರ್ಷದ ಸೆಪ್ಟೆಂಬರಿನಲ್ಲಿ ಕುಮಟಾದಿಂದ ಅತ್ತೆ ಬಂದರು. ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಮನೆಯಲ್ಲಿ ದೊಡ್ಡ ಚರ್ಚೆ. ನಮ್ಮವರು ಚೋಬೆ ಕಾಡಿಗೆ ಹೋಗಿ ಆನೆ ತೋರಿಸೋಣ ಅಂದರು. "ಆನೆ ದಾಂಡೇಲಿಯಲ್ಲೂ ಇದ್ಯಲ್ಲೋ" ಅಂದುಬಿಟ್ಟರು ಅತ್ತೆ. ಆಗ ನಾನು ಉಪ್ಪಿನ ಬಯಲಿನ ಮಾತು ತೆಗೆದೆ.

ಅತ್ತೆ ಹುಟ್ಟಿದ್ದು ಸಾಣಿಕಟ್ಟಾದಲ್ಲಿ. ಅಘನಾಶಿನಿಯ ಉಬ್ಬರದ ನೀರನ್ನು ಆಗರಕ್ಕೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಬಾಚುವುದನ್ನು ನೋಡುತ್ತಾ ಬೆಳೆದವರು. "ಸಮುದ್ರವೇ ಇಲ್ಲದ ದೇಶದಲ್ಲಿ ಉಪ್ಪಿನಾಗರ ಎಲ್ಲಿಂದ ಬಂತು?" ಅಂತ ಕೇಳಿದರು. ಅಷ್ಟು ಸಾಕಾಯಿತು. ಮರುದಿನವೇ ಒಂದು ಫೋರ್‌ವೀಲ್ ಗಾಡಿ ಬಾಡಿಗೆಗೆ ಹಿಡಿದೆವು.

ಜಾಗದ ಹೆಸರು ನಕ್ಷೆಯಲ್ಲಿ ಓದಿದರೆ ಮಕ್ಗಡಿಕ್ಗಡಿ. ಊರಿನವರು ಗಂಟಲಿನಿಂದ ಹೇಳುವಾಗ ಮಖಾಡಿಖಾಡಿ. ಅತ್ತೆ ಮೊದಲ ಸಲವೇ ಸರಿಯಾಗಿ ಹೇಳಿದರು. ನಮ್ಮವರಿಗೆ ಇವತ್ತಿಗೂ ಬರುವುದಿಲ್ಲ.

ಸೆಪ್ಟೆಂಬರ್ 28

ದಿನವಿಡೀ ರಸ್ತೆ. ಸೆಪ್ಟೆಂಬರ್ 30 ಬೋಟ್ಸ್‌ವಾನಾದ ಸ್ವಾತಂತ್ರ್ಯ ದಿನ, ಹಾಗಾಗಿ ರಜೆಗೆ ಊರಿಗೆ ಹೊರಟವರ ಗಾಡಿಗಳೇ ಜಾಸ್ತಿ. ಮಹಲಾಪ್ಯೆಗಿಂತ ಮುಂಚೆ ಮಕರ ಸಂಕ್ರಾಂತಿ ವೃತ್ತದ ಬೋರ್ಡು ಸಿಕ್ಕಿತು. ಅದರ ಕೆಳಗೆ ನಿಂತು ಅವಲಕ್ಕಿ ತಿಂದೆವು. ನಮ್ಮೂರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಮಳೆಗೆ ಕಾಯಲು ಶುರು. ಏಪ್ರಿಲ್‌ನಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಮರಗಳೆಲ್ಲ ಬೋಳು. ಕತ್ತೆಗಳು ಮಾತ್ರ ರಸ್ತೆ ನಡುವೆ ಆರಾಮಾಗಿ ನಿಂತಿದ್ದವು.

ರಾತ್ರಿ ಲೆಟ್ಲಾಕನೆ ಎಂಬ ಊರಲ್ಲಿ ಉಳಿದೆವು. ಪಕ್ಕದ ಒರಾಪಾದಲ್ಲಿ 1967ರಲ್ಲಿ ವಜ್ರ ಸಿಕ್ಕಿತು, ಸ್ವಾತಂತ್ರ್ಯ ಬಂದ ಮರುವರ್ಷ. ಈ ದೇಶದ ನಸೀಬು ತಿರುಗಿದ್ದೇ ಅಲ್ಲಿ. ಅತ್ತೆಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬೇಗ ಮಲಗಿದರು.

ಸೆಪ್ಟೆಂಬರ್ 29

ಮಾಟ್ಶುಮೊ ಅನ್ನುವ ಹಳ್ಳಿ ದಾಟಿ ಒಂದು ದಿಬ್ಬ ಇಳಿದೆವು. ಕುರುಚಲು ಮರ ಕಡಿಮೆಯಾಯಿತು. ಆಮೇಲೆ ಹುಲ್ಲೂ ನಿಂತಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಅಂದರೆ ನಿಜವಾಗಿಯೂ ಏನೂ ಇಲ್ಲ. ಬಿಳಿ ನೆಲ, ಬಿಳಿಚಿದ ಆಕಾಶ, ನಡುವೆ ನಡುಗುವ ಒಂದು ಗೆರೆ. ಮಖಾಡಿಖಾಡಿ ಅಂದರೆ ಒಂದೇ ಬಯಲಲ್ಲ. ಸುವಾ, ಎನ್‌ಟ್ವೆಟ್ವೆ ಅಂತ ದೊಡ್ಡವು ಎರಡು, ಸುತ್ತ ಸಣ್ಣವು ಲೆಕ್ಕವಿಲ್ಲದಷ್ಟು. ಎಲ್ಲ ಸೇರಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ದೊಡ್ಡದು. ನಾವು ನಿಂತದ್ದು ಸುವಾದಲ್ಲಿ. ಇಲ್ಲಿಯ ಮೂಲ ನಿವಾಸಿಗಳ ಮಾತಿನಲ್ಲಿ ಸುವಾ ಅಂದರೆ ಉಪ್ಪು.

ಅತ್ತೆ ಗಾಡಿಯಿಂದ ಇಳಿದವರೇ ಚಪ್ಪಲಿ ಬಿಚ್ಚಿದರು. ಒಂದೊಂದು ಹೆಜ್ಜೆಗೂ ಕರಕರ ಸದ್ದು. ನೆಲ ಪೂರ್ತಿ ಬಿರುಕು ಬಿಟ್ಟು ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿತ್ತು. ಪ್ರತಿ ಬಿಲ್ಲೆಯ ಅಂಚು ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಮೇಲಕ್ಕೆ ಸುರುಳಿ. ಅತ್ತೆ ಬಗ್ಗಿ ಒಂದು ಚೂರು ಮುರಿದರು. ಮೂಸಿದರು. ಆಮೇಲೆ ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದರು.

"ಇದು ಉಪ್ಪಲ್ಲ ಮಾರಾಯ್ತಿ, ಹಪ್ಪಳ ಖಾರ!"

ನಾನೂ ನೆಕ್ಕಿದೆ. ಮೊದಲು ಉಪ್ಪು, ಹಿಂದೆಯೇ ಸೋಡಾದ ಜಿಗುಟು ಕಹಿ. ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ. ಉದ್ದಿನ ಹಪ್ಪಳಕ್ಕೆ ಹಾಕುವ ಖಾರ ಸೋಡಿಯಂ ಕಾರ್ಬೊನೇಟಿನ ಜಾತಿಯದು. ಈ ನೆಲದಲ್ಲಿ ಅಡುಗೆ ಉಪ್ಪಿನ ಜೊತೆ ಅದೂ ತುಂಬಿಕೊಂಡಿದೆ. ಸುವಾದ ಇನ್ನೊಂದು ದಂಡೆಯಲ್ಲಿ ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ, ಕೊಳಗಳಲ್ಲಿ ಒಣಗಿಸಿ, ಗಾಜಿಗೂ ಸಾಬೂನಿನ ಪುಡಿಗೂ ಬೇಕಾದ ಸೋಡಾ ತೆಗೆಯುವ ಕಾರ್ಖಾನೆ 1991ರಿಂದ ನಡೆಯುತ್ತಿದೆ.

ಸಮುದ್ರ ಎಲ್ಲಿ ಅನ್ನುವ ಅತ್ತೆಯ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. ಸಮುದ್ರ ಬೇಕಾಗಿಲ್ಲ. ಸಾವಿರಾರು ವರ್ಷಗಳ ಹಿಂದೆ ಇಲ್ಲೊಂದು ಬಹಳ ದೊಡ್ಡ ಕೆರೆ ಇತ್ತು. ಉತ್ತರದ ನದಿಗಳು ಇದಕ್ಕೆ ಬಂದು ಬೀಳುತ್ತಿದ್ದವು. ಹೊರಗೆ ಹರಿಯಲು ದಾರಿ ಇರಲಿಲ್ಲ. ಆಮೇಲೆ ಭೂಮಿ ಅಲುಗಾಡಿ ನದಿಗಳ ದಿಕ್ಕು ತಿರುಗಿತು, ಹವೆಯೂ ಒಣಗಿತು. ನೀರು ಆವಿಯಾಯಿತು. ನದಿಗಳು ಕಲ್ಲುಮಣ್ಣಿನಿಂದ ಕರಗಿಸಿಕೊಂಡು ತಂದದ್ದೆಲ್ಲ ಇಲ್ಲೇ ಕೂತಿತು. ಸಾಣಿಕಟ್ಟಾದಲ್ಲಿ ಒಂದು ಬೇಸಿಗೆಯಲ್ಲಿ ಆಗುವ ಕೆಲಸ, ಇಲ್ಲಿ ಯುಗಗಟ್ಟಲೆ ನಡೆದಿದೆ. ಬಾಚುವವರು ಮಾತ್ರ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕುಬು ಕಂಡಿತು. ದೂರದಿಂದ ಹಡಗು, ಹತ್ತಿರ ಹೋದಂತೆ ಬಂಡೆ. ಬಯಲಿನ ಅಂಚಿನಲ್ಲಿರುವ ಗ್ರಾನೈಟ್ ಗುಡ್ಡ, ಎತ್ತರ ಏನೂ ಇಲ್ಲ. ಆದರೆ ಮೈಮೇಲೆಲ್ಲ ಬಾವೋಬಾಬ್ ಮರ. ಎಲೆ ಇಲ್ಲದ, ದಪ್ಪ ಹೊಟ್ಟೆಯ, ಬೂದು ಕೆಂಪಿನ ಮರಗಳು. ಬುಡದಲ್ಲಿ ನದಿಯಲ್ಲೋ ಕಡಲಿನಲ್ಲೋ ಉರುಳಿ ನುಣುಪಾದಂಥ ಗುಂಡುಕಲ್ಲುಗಳು. ಬಂಡೆಗಳ ಮೇಲೆ ಸುಣ್ಣ ಬಳಿದಂಥ ಬಿಳಿ. ಅದು ಕೆರೆ ಇದ್ದ ಕಾಲದ ಹಕ್ಕಿಗಳ ಹಿಕ್ಕೆಯಂತೆ, ಗಟ್ಟಿಯಾಗಿ ಕಲ್ಲೇ ಆಗಿದೆ. ಒಂದು ಕಡೆ ಯಾರೋ ಹಳಬರು ಕಟ್ಟಿದ ಮೋಟು ಕಲ್ಲಿನ ಗೋಡೆ. ಊರಿನವರಿಗೆ ಇದು ಪೂಜ್ಯ ಜಾಗ. ನೋಡಿಕೊಳ್ಳುವುದೂ ಅವರೇ.

ಅತ್ತೆ ಮರದ ಸುತ್ತ ಒಂದು ಸುತ್ತು ಬಂದು, "ಇದು ಸವಣೂರಿನ ದೊಡ್ಡ ಹುಣಸೆ ಅಲ್ವಾ?" ಅಂದರು. ಅದೇ. ಹಾವೇರಿ ಜಿಲ್ಲೆಯ ಸವಣೂರಿನ ಮಠದಲ್ಲಿರುವುದು ಇದೇ ಜಾತಿ, ಆಫ್ರಿಕಾದಿಂದ ಬಂದದ್ದು. ಹುಣಸೆಗೂ ಇದಕ್ಕೂ ನಂಟಿಲ್ಲ, ಹಾಗಾದರೆ ಆ ಹೆಸರು ಯಾಕೆ ಅಂತ ನನಗೆ ಮೊದಲಿಂದ ಇದ್ದ ಅನುಮಾನ. ಅದನ್ನು ಗೈಡ್ ಬಿಡಿಸಿದರು. ಇಲ್ಲಿಯವರು ಮರಕ್ಕೆ ಮೊವಾನಾ ಅನ್ನುತ್ತಾರೆ. ತಮ್ಮ ಚೀಲದಿಂದ ಒಂದು ಕಾಯಿ ತೆಗೆದು ಕಲ್ಲಿಗೆ ಕುಟ್ಟಿ ಒಡೆದರು. ಒಳಗೆ ಬೀಜಕ್ಕೆ ಅಂಟಿದ ಬಿಳಿ ಪುಡಿ. ಬಾಯಿಗೆ ಹಾಕಿದರೆ ಹುಳಿ ಹುಳಿ. ಸಾರಿಗೆ ಹಾಕಬಹುದಾದಂಥ ಹುಳಿ.

ಹೊರಡುವಾಗ ಅತ್ತೆ ಒಂದು ಉಪ್ಪಿನ ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಗೈಡ್ ನೋಡಿ, "ಮ್ಮಾ, ಇಲ್ಲಿಂದ ಏನೂ ತಗೊಂಡು ಹೋಗೋ ಹಾಗಿಲ್ಲ" ಅಂದರು. ಮ್ಮಾ ಅಂದರೆ ಅವರ ಸೆಟ್ಸ್‌ವಾನಾದಲ್ಲಿ ಅಮ್ಮ, ಗೌರವದ ಕರೆ. ಬೈದರೂ ಬೈದಂತೆ ಅನಿಸುವುದಿಲ್ಲ. ಅತ್ತೆ ಮಗುವಿನ ಹಾಗೆ ಬಿಲ್ಲೆಯನ್ನು ತೆಗೆದಲ್ಲೇ ಕೂರಿಸಿದರು.

ರಾತ್ರಿ ಬಂಡೆಯ ಬುಡದಲ್ಲಿ ಟೆಂಟು. ಗಾಳಿ ಬಿದ್ದ ಮೇಲೆ ಎಂಥ ನಿಶ್ಶಬ್ದ ಅಂದರೆ, ಅತ್ತೆಯ ಬಳೆ ಸದ್ದು ಪಕ್ಕದ ಟೆಂಟಿನಿಂದ ಸ್ಪಷ್ಟ ಕೇಳುತ್ತಿತ್ತು. ನಕ್ಷತ್ರಗಳ ಬಗ್ಗೆ ಬರೆದು ಮುಗಿಸಲು ಆಗುವುದಿಲ್ಲ, ಬಿಟ್ಟುಬಿಡುತ್ತೇನೆ.

ಸೆಪ್ಟೆಂಬರ್ 30

ಬೆಳಗ್ಗೆ ಎದ್ದರೆ ಅತ್ತೆಯ ಒಂದು ಚಪ್ಪಲಿ ಇಲ್ಲ.

ಗೈಡ್ ನೆಲ ನೋಡಿ ನಕ್ಕರು. ಟೆಂಟಿನ ಸುತ್ತ ಹೆಜ್ಜೆ ಗುರುತು. ಮುಂಗಾಲಿನ ಗುರುತು ದೊಡ್ಡದು, ಹಿಂಗಾಲಿನದು ಚಿಕ್ಕದು. ಕಂದು ಕತ್ತೆಕಿರುಬ. ಉದ್ದ ಕೂದಲಿನ, ನಾಚಿಕೆ ಸ್ವಭಾವದ ಪ್ರಾಣಿ. ಆಹಾರ ಹುಡುಕಿಕೊಂಡು ರಾತ್ರಿಯಿಡೀ ಒಂಟಿಯಾಗಿ ಮೈಲಿಗಟ್ಟಲೆ ನಡೆಯುತ್ತದೆ. ನಾವು "ಏನೂ ಇಲ್ಲ" ಅಂದುಕೊಂಡಿದ್ದ ಬಯಲನ್ನು ಅದು ಯಾವಾಗ ದಾಟಿ ಬಂತೋ! ನೂರು ಹೆಜ್ಜೆ ಆಚೆ ಚಪ್ಪಲಿ ಸಿಕ್ಕಿತು, ಹಿಮ್ಮಡಿಯ ಭಾಗ ಜಗಿದು ಹೋಗಿತ್ತು. ಅದನ್ನು ಎಸೆಯೋಣ ಅಂದರೆ ಅತ್ತೆ ಒಪ್ಪಲಿಲ್ಲ. ಊರಲ್ಲಿ ತೋರಿಸಬೇಕಂತೆ.

ಮಧ್ಯಾಹ್ನದ ನಂತರ ಪಶ್ಚಿಮಕ್ಕೆ, ಬೊಟೆಟಿ ನದಿಗೆ. ಇದರ ಲೆಕ್ಕಾಚಾರವೇ ಬೇರೆ. ಮಳೆ ಬೀಳುವುದು ದೂರದ ಅಂಗೋಲಾದ ಬೆಟ್ಟಗಳಲ್ಲಿ, ವರ್ಷದ ಶುರುವಿನಲ್ಲಿ. ಆ ನೀರು ಒಕವಾಂಗೊದ ಜೌಗಿನಲ್ಲಿ ಹರಡಿ, ಇಂಗಿ, ತೆವಳಿಕೊಂಡು ಬೊಟೆಟಿಗೆ ಬರುವಷ್ಟರಲ್ಲಿ ಇಲ್ಲಿ ಒಣಗಾಲ. ಹಾಗಾಗಿ ಊರಿಗೆಲ್ಲ ಬರ ಬಂದಾಗ ಈ ನದಿಗೆ ನೆರೆ. ಬಂದರೆ, ಅಷ್ಟೇ. 1990ರ ದಶಕದ ಶುರುವಿನಿಂದ ಸುಮಾರು 2009ರ ತನಕ ಇಲ್ಲಿ ನೀರೇ ಹರಿದಿರಲಿಲ್ಲ. ನಾವು ಹೋದಾಗ ಮೊಣಕಾಲುದ್ದ ಇತ್ತು, ಗಾಡಿಯಲ್ಲೇ ದಾಟಿದೆವು.

ದಾಟಿ ತಲೆ ಎತ್ತಿದರೆ ಜೀಬ್ರಾ. ಹತ್ತು, ನೂರು ಅಲ್ಲ. ಮರಳಿನ ದಂಡೆ ಪೂರ್ತಿ ಪಟ್ಟೆ. ಮಖಾಡಿಖಾಡಿಯ ಜೀಬ್ರಾಗಳು ಒಣಗಾಲದಲ್ಲಿ ಈ ನೀರಿಗೆ ಕಟ್ಟುಬಿದ್ದಿರುತ್ತವೆ. ಹತ್ತಿರದ ಹುಲ್ಲು ಮುಗಿದಿರುತ್ತದೆ. ಮೇವಿಗೆ ಒಂದು ದಿಕ್ಕು, ನೀರಿಗೆ ಇನ್ನೊಂದು ದಿಕ್ಕು. ದಿನಗಟ್ಟಲೆ ನೀರಿಲ್ಲದೆ ಮೇದು, ಮೂವತ್ತು ಕಿಲೋಮೀಟರ್ ನಡೆದು ಬಂದು ಕುಡಿಯುವವೂ ಇವೆ. ಕುಡಿಯಲು ಇಳಿದವು ಒಂದನ್ನೊಂದು ಕಚ್ಚಿ ಒದೆಯುತ್ತಿದ್ದವು. ಪಕ್ಕೆಲುಬು ಎಣಿಸಬಹುದಿತ್ತು. "ನಮ್ಮೂರ ನಲ್ಲಿ ಹತ್ತಿರ ಕೊಡಪಾನ ಇಟ್ಟ ಹಾಗೆ" ಅಂದರು ಅತ್ತೆ.

ಅಕ್ಟೋಬರ್ 1

ರಾತ್ರಿ ಸಿಂಹ ಕೂಗಿದ್ದು ಕೇಳಿಸಿತು. ಅತ್ತೆ ಗೊರಕೆ ಹೊಡೆಯುತ್ತಿದ್ದರು, ಅವರಿಗೆ ಹೇಳಿದರೂ ನಂಬಲಿಲ್ಲ. ಬೆಳಗ್ಗೆ ಸಲಗಗಳ ಗುಂಪು ನದಿಗಿಳಿದು ಜೀಬ್ರಾಗಳನ್ನು ಓಡಿಸಿತು. ವಾಪಸ್ ಹೊರಟೆವು. ಅಕ್ಟೋಬರಿನಲ್ಲಿ ಅತ್ತೆ ಕುಮಟಾಕ್ಕೆ ಮರಳಿದರು, ಜಗಿದ ಚಪ್ಪಲಿ ಸಮೇತ.

ನವೆಂಬರ್ ಕೊನೆಗೆ ಗ್ಯಾಬರೋನಿನಲ್ಲಿ ಮೊದಲ ಮಳೆ ಬಿತ್ತು. ಪಕ್ಕದ ಮನೆಯವರು ಅಂಗಳಕ್ಕೆ ಬಂದು "ಪೂಲಾ!" ಅಂತ ಕೂಗಿದರು. ಪೂಲಾ ಅಂದರೆ ಮಳೆ. ಇಲ್ಲಿಯ ದುಡ್ಡಿನ ಹೆಸರೂ ಪೂಲಾ, ದೇಶದ ಲಾಂಛನದಲ್ಲಿ ಬರೆದಿರುವುದೂ ಪೂಲಾ. ಮಖಾಡಿಖಾಡಿಯಲ್ಲಿ ವರ್ಷಕ್ಕೆ ಬೀಳುವುದು 400–500 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳೊಂದೇ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಅಷ್ಟು ಮಳೆಗೆ ಆ ಬಯಲು ಏನಾಗುತ್ತದೆ ಅಂತ ನೋಡಬೇಕಿತ್ತು.

ಮಾರ್ಚ್ 5

ಈ ಸಲ ನಾವಿಬ್ಬರೇ. ಕುಬುಗೆ ಫೋನ್ ಮಾಡಿದ್ದೆವು. ದಾರಿ ಪೂರ್ತಿ ಕೆಸರು, ಈಗ ಬರಬೇಡಿ ಅಂದಿದ್ದರು. ಹಾಗಾಗಿ ಫ್ರಾನ್ಸಿಸ್‌ಟೌನ್ ಮೇಲಿನಿಂದ ಉತ್ತರ ದಂಡೆಯ ನಾಟಾಕ್ಕೆ. ಅರ್ಧ ದಾರಿಯಲ್ಲೇ ಹಸಿರು ಶುರು. ಸೆಪ್ಟೆಂಬರಿನ ಬೋಳು ಮರಗಳೇ ಇವು ಅಂದರೆ ನಂಬಲು ಆಗದು. ಕತ್ತೆಗಳು ದುಂಡಗಾಗಿದ್ದವು.

ಮಾರ್ಚ್ 6

ನಾಟಾ ನದಿ ಜಿಂಬಾಬ್ವೆಯಿಂದ ಹರಿದು ಬಂದು ಸುವಾಕ್ಕೆ ಸೇರುತ್ತದೆ. ಸೇರುವ ಜಾಗದ ಹತ್ತಿರ ಪಕ್ಷಿಧಾಮ ಇದೆ. ಸುತ್ತಲಿನ ನಾಲ್ಕು ಹಳ್ಳಿಯವರು 1990ರ ದಶಕದಲ್ಲಿ ತಮ್ಮ ದನಗಳನ್ನು ಹೊರಗೆ ಸರಿಸಿ, ಜಾಗ ಬಿಟ್ಟುಕೊಟ್ಟು ಮಾಡಿದ್ದು.

ಬಯಲಿನ ಅಂಚಿಗೆ ಬಂದು ನಿಂತೆ. ಸಮುದ್ರ! ಸಣ್ಣ ಅಲೆ ಕೂಡ ಇತ್ತು. ಆಕಾಶ, ಮೋಡ ಎಲ್ಲ ಅದರೊಳಗೆ. ಎಲ್ಲೋ ನೈಋತ್ಯಕ್ಕೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ಕುಬು. ಇಷ್ಟು ದೊಡ್ಡ ನೀರಿನ ಆಳ ಎಷ್ಟು ಅಂದರೆ, ನೂರು ಹೆಜ್ಜೆ ಒಳಗೆ ನಡೆದರೂ ನನ್ನ ಪಾದದ ಗಂಟು ಮುಳುಗಲಿಲ್ಲ.

ಬೊಗಸೆಯಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದೆ. ಮೊದಲು ಬರೀ ಕಲಕು ನೀರು. ಸ್ವಲ್ಪ ಹೊತ್ತಿಗೆ ಕಲಕು ತಾನೇ ಓಡಾಡತೊಡಗಿತು. ಅಕ್ಕಿಕಾಳಿಗಿಂತ ಚಿಕ್ಕ ಸೀಗಡಿಗಳು. ಗಾಜಿನಂಥ ಮೈ, ಎರಡು ಕಪ್ಪು ಚುಕ್ಕೆಯ ಕಣ್ಣು, ಬೆನ್ನಡಿಯಾಗಿ ಈಜುತ್ತಾ ಕಾಲುಗಳನ್ನು ಗರಗರ ಆಡಿಸುತ್ತಿದ್ದವು. ಇವುಗಳ ಮೊಟ್ಟೆ ಒಣ ಮಣ್ಣಿನಲ್ಲಿ ಧೂಳಿನ ಹಾಗೆ ವರ್ಷಗಟ್ಟಲೆ ಬಿದ್ದಿರುತ್ತದೆ. ಬಿಸಿಲಿಗೆ ಸಾಯುವುದಿಲ್ಲ, ಉಪ್ಪಿಗೂ ಸಾಯುವುದಿಲ್ಲ. ನೀರು ತಾಗಿದರೆ ಕೆಲವೇ ದಿನದಲ್ಲಿ ಒಡೆಯುತ್ತದೆ. ಅತ್ತೆ ಸೆಪ್ಟೆಂಬರಿನಲ್ಲಿ ಬರಿಗಾಲಲ್ಲಿ ಕರಕರ ನಡೆದದ್ದು ಇಂಥ ಮೊಟ್ಟೆಗಳ ಮೇಲೆಯೇ.

ಇವನ್ನು ತಿನ್ನಲು ಬಂದವು ರಾಜಹಂಸಗಳು. ನೀರಿನ ಆಚೆ ತುದಿಯಲ್ಲಿ ಗುಲಾಬಿ ಪಟ್ಟಿ, ಗಾಳಿ ಈ ಕಡೆ ಬೀಸಿದಾಗ ಸಂತೆಯ ಗದ್ದಲ. ಎರಡು ಜಾತಿ ಇವೆ. ದೊಡ್ಡದು ಬಿಳಿಚು, ಸೀಗಡಿ ಸೋಸುತ್ತದೆ. ಚಿಕ್ಕದು ಗಾಢ ಬಣ್ಣ, ನೀರಿನ ಪಾಚಿ ಸೋಸುತ್ತದೆ. ಎರಡೂ ತಲೆಕೆಳಗಾಗಿ ಕೊಕ್ಕು ಇಟ್ಟು ಜರಡಿ ಹಿಡಿದಂತೆ ತಿನ್ನುತ್ತವೆ. ನಮೀಬಿಯಾದ ಕಡಲತೀರದಿಂದಲೂ ರಾತ್ರಿ ಹಾರಿ ಇಲ್ಲಿಗೆ ಬರುತ್ತವೆ. ಮಳೆ ಚೆನ್ನಾಗಿ ಆದ ವರ್ಷ ಮನುಷ್ಯರು ಸುಳಿಯದ ನಡುಬಯಲಿನಲ್ಲಿ ಕೆಸರಿನ ಪುಟ್ಟ ಗೋಪುರ ಕಟ್ಟಿ, ಅದರ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತವೆ. ನೀರು ಬೇಗ ಆರಿದರೆ ಮರಿಗಳ ಗತಿ ಕಷ್ಟ. ದಂಡೆಯ ಹತ್ತಿರ ಹೆಜ್ಜಾರ್ಲೆಗಳೂ ಇದ್ದವು, ಕೊಕ್ಕರೆಬೆಳ್ಳೂರಿನವಕ್ಕಿಂತ ದೊಡ್ಡವು, ಬಿಳಿಯವು.

ಇಲ್ಲಿಗೆ ನಿಲ್ಲಿಸಿದ್ದರೆ ದಿನ ಚೆನ್ನಾಗಿರುತ್ತಿತ್ತು. ಫೋಟೋಕ್ಕೆ ಇನ್ನು ಹತ್ತು ಮಾರು ಮುಂದೆ ಹೋಗೋಣ ಅಂದರು ನಮ್ಮವರು. ದಾರಿ ಬಿಟ್ಟು ಇಳಿಯಬೇಡಿ ಅಂತ ಗೇಟಿನಲ್ಲಿ ಹೇಳಿದ್ದರು. ನೋಡಲು ನೆಲ ಒಣಗಿತ್ತು. ಮೇಲೆ ಹಪ್ಪಳದಂಥ ಪದರ, ಕೆಳಗೆ ಅಂಬಲಿ. ಮುಂದಿನ ಚಕ್ರ ಪಸಕ್ಕನೆ ಕುಸಿಯಿತು, ಹಿಂದೆಯೇ ಹಿಂದಿನವೂ. ಜ್ಯಾಕ್ ಇಟ್ಟರೆ ಗಾಡಿ ಮೇಲೇರುವ ಬದಲು ಜ್ಯಾಕೇ ಕೆಳಗಿಳಿಯಿತು. ಸ್ಟೆಪ್ನಿ ಟಯರನ್ನು ಅದರ ಅಡಿಗೆ ಹಾಸಿದೆವು. ಅದೂ ಇಳಿಯಿತು. ಮೂರು ಗಂಟೆ ಬೂದು ಕೆಸರಿನಲ್ಲಿ ಮುಳುಗಿ, ಒಬ್ಬರ ಮುಖ ಒಬ್ಬರು ನೋಡದೆ ಅಗೆದೆವು. ಕೊನೆಗೆ ದಕ್ಷಿಣ ಆಫ್ರಿಕಾದ ಒಂದು ವಯಸ್ಸಾದ ಜೋಡಿ ದಾರಿಯ ಮೇಲೆ ನಿಂತೇ ಉದ್ದ ಹಗ್ಗ ಎಸೆದು ಎಳೆದರು. ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ನಾಚಿಕೆ ಆಯಿತು.

ಮಾರ್ಚ್ 7

ಗ್ವೇಟಾದ ಹತ್ತಿರ ಮೀರ್ಕ್ಯಾಟ್ ನೋಡಿದೆವು. ಮುಂಗುಸಿಯ ನೆಂಟ, ಬೆಳಗ್ಗೆ ಬಿಲದಿಂದ ಎದ್ದು ಬಿಸಿಲಿಗೆ ಹೊಟ್ಟೆ ಕೊಟ್ಟು ನಿಲ್ಲುತ್ತದೆ. ಇಲ್ಲಿಯವು ಮನುಷ್ಯರಿಗೆ ಹೆದರದಂತೆ ರೂಢಿಯಾಗಿವೆ, ಕೂತವರ ತಲೆ ಹತ್ತಿ ಕಾವಲು ಕಾಯುತ್ತವೆ. ಎಲ್ಲರ ಫೋಟೋದಲ್ಲೂ ಅದೇ ಇರುತ್ತದೆ, ನಮ್ಮದರಲ್ಲೂ ಇದೆ.

ಮಧ್ಯಾಹ್ನ ನ್ಕೈ ಪ್ಯಾನ್. ಅದೇ ಹಳೆಯ ಕೆರೆಯ ಇನ್ನೊಂದು ಮೂಲೆ, ಆದರೆ ಇಲ್ಲಿ ಹುಲ್ಲು ಬೆಳೆಯುತ್ತದೆ. ದಾರಿ ಪಕ್ಕ ಕೋರಿ ಬಸ್ಟರ್ಡ್ ಗಂಭೀರವಾಗಿ ನಡೆಯುತ್ತಿತ್ತು, ನಮ್ಮ ಸಿರುಗುಪ್ಪದ ಎರೆಭೂತ ಹಕ್ಕಿಯ ದಾಯಾದಿ. ಮತ್ತೆ ಜೀಬ್ರಾ. ಪಕ್ಕೆಲುಬು ಕಾಣದ, ಮಿರಿಮಿರಿ ಮಿಂಚುವ ಜೀಬ್ರಾ. ಮರಿಗಳಿಗೆ ಇನ್ನೂ ಕಂದು ಪಟ್ಟೆ. ಸೆಪ್ಟೆಂಬರಿನಲ್ಲಿ ಕಂಡವೇ ಅಂತ ಕೇಳಬೇಡಿ. ಇಲ್ಲಿಗೆ ಮಳೆಗಾಲದಲ್ಲಿ ಚೋಬೆ ಕಡೆಯಿಂದ ಬರುವ ಹಿಂಡು ಬೇರೆ. ಹೋಗಿ ಬರುವುದು ಸೇರಿ 500 ಕಿಲೋಮೀಟರ್, ಅದು ಹೊರಜಗತ್ತಿಗೆ ಗೊತ್ತಾಗಿದ್ದೇ 2014ರಲ್ಲಿ.

ನನಗೆ ಇನ್ನೊಂದು ಹಿಂಡಿನ ಕಥೆ ಜಾಸ್ತಿ ಇಷ್ಟ. ದನಗಳಿಗೆ ಕಾಲುಬಾಯಿ ರೋಗ ಹರಡದಿರಲಿ ಅಂತ ಈ ದೇಶದಲ್ಲಿ ಉದ್ದುದ್ದ ಬೇಲಿ ಹಾಕಿದ್ದಾರೆ. ಒಕವಾಂಗೊದಿಂದ ಮಖಾಡಿಖಾಡಿಗೆ ಬರುವ ದಾರಿಗೆ 1968ರಲ್ಲಿ ಅಂಥ ಬೇಲಿ ಬಿತ್ತು. 2004ರಲ್ಲಿ ತೆಗೆದರು. 36 ವರ್ಷ! ಅಷ್ಟು ವರ್ಷ ಬದುಕುವ ಕಾಡು ಜೀಬ್ರಾ ಇಲ್ಲ. ಹಳೆಯ ದಾರಿ ನಡೆದ ಒಂದೂ ಉಳಿದಿರಲಿಲ್ಲ. ಆದರೂ ಕೆಲವೇ ವರ್ಷದಲ್ಲಿ ಜೀಬ್ರಾಗಳು ಒಕವಾಂಗೊದಿಂದ ಈ ಉಪ್ಪುಹುಲ್ಲಿಗೆ ಮತ್ತೆ ನಡೆದು ಬಂದವು.

ಮಾರ್ಚ್ 8

ಬೇನ್ಸ್ ಬಾವೋಬಾಬ್‌ಗಳಿಗೆ ಮಳೆಗಾಲದ ಸುತ್ತುದಾರಿ ಹಿಡಿದು ಹೋದೆವು. ಮೊನ್ನೆಯ ಪಾಠ ಇನ್ನೂ ಉಗುರಿನ ಸಂದಿಯಲ್ಲಿತ್ತು. ಥಾಮಸ್ ಬೇನ್ಸ್ ಎಂಬ ಚಿತ್ರಕಾರ 1862ರಲ್ಲಿ ಈ ಮರಗಳ ಗುಂಪನ್ನು ಚಿತ್ರಿಸಿದ್ದರು. ಅದರ ಪ್ರತಿ ಫೋನಿನಲ್ಲಿತ್ತು. ಹಿಡಿದು ನೋಡಿದರೆ, ಕೊಂಬೆ ಕೊಂಬೆಗೆ ತಾಳೆಯಾಗುತ್ತದೆ. ಒಂದು ಮರ ಮಲಗಿಕೊಂಡೇ ಬೆಳೆದಿದೆ, ಆಗಲೂ ಮಲಗಿಯೇ ಇತ್ತು. ಹಾಗಂತ ಇವು ಚಿರಂಜೀವಿಗಳಲ್ಲ. ಗ್ವೇಟಾ ಕಡೆಯ ಪ್ರಸಿದ್ಧ ಚಾಪ್‌ಮನ್ಸ್ ಬಾವೋಬಾಬ್ 2016ರ ಜನವರಿ 7ರಂದು ಒಮ್ಮೆಲೇ ಬಿದ್ದುಹೋಯಿತು.

ಮರದ ಮುಂದಿನ ಬಯಲಿನಲ್ಲಿ ತೆಳ್ಳಗೆ ನೀರು. ಅತ್ತೆಗೆ ವಿಡಿಯೋ ಕಾಲ್ ಹಚ್ಚಲು ನೋಡಿದೆ, ಸಿಗ್ನಲ್ ಇಲ್ಲ. ಸಂಜೆ ರಸ್ತೆಗೆ ಬಂದ ಮೇಲೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ನನಗೆ ಅಲ್ಲಿ ಬರೀ ಖಾರ ತೋರಿಸಿ ಕಳಿಸಿದ್ರಿ. ಇಷ್ಟೆಲ್ಲ ನೀರು, ಹಕ್ಕಿ ಎಲ್ಲಿ ಅಡಗಿಸಿಟ್ಟಿದ್ರಿ?"

"ನಿಮ್ಮ ಕಾಲ ಕೆಳಗೇ ಇತ್ತು ಅತ್ತೆ" ಅಂದೆ. ಅವರಿಗೆ ಅದು ತಮಾಷೆ ಅನಿಸಿತು.

ಮಾರ್ಚ್ 9

ವಾಪಸ್ ದಾರಿ. ನಾಟಾ ದಾಟಿ, ಸೋಡಾ ಕಾರ್ಖಾನೆಯ ಸೋವಾ ಊರಿಗೆ ತಿರುಗುವ ಬೋರ್ಡು ದಾಟಿ, ಡುಕ್ವೆಯಲ್ಲಿ ರೋಗತಡೆ ಬೇಲಿಯ ಗೇಟು. ಉತ್ತರದಿಂದ ಹಸಿ ಮಾಂಸ ತರುವ ಹಾಗಿಲ್ಲ. ಕಾವಲಿನ ಹೆಂಗಸು ನಮ್ಮ ಐಸ್ ಡಬ್ಬಿ ತೆರೆಸಿದರು. ಮೊಸರು, ಸೌತೆಕಾಯಿ, ನಿಂಬೆ ಉಪ್ಪಿನಕಾಯಿ. ಉಪ್ಪಿನಕಾಯಿಯನ್ನು ಬಹಳ ಹೊತ್ತು ನೋಡಿದರು. ಮೂಸಿ ಹಿಂದೆ ಸರಿದರು.

"ಎಲ್ಲ ಶೂ, ಚಪ್ಪಲಿ ಹೊರಗೆ ತೆಗೀರಿ."

ನೆಲದ ಮೇಲೆ ಒಂದು ತಟ್ಟೆ, ಅದರಲ್ಲಿ ತೋಯ್ದ ಗೋಣಿ. ಔಷಧಿಯ ನೀರು. ನಮ್ಮವರು ಮೊದಲು ತುಳಿದರು, ಆಮೇಲೆ ನಾನು. ಸುವಾದ ಬೂದು ಕೆಸರು ಮೂರು ದಿನದಿಂದ ನನ್ನ ಶೂಗಳಿಗೆ ಗಾರೆಯ ಹಾಗೆ ಅಂಟಿತ್ತು. ಗೋಣಿಯ ಮೇಲೆ ಅದು ಮೆತ್ತಗಾಗಿ ಹೆಪ್ಪು ಹೆಪ್ಪಾಗಿ ಇಳಿಯತೊಡಗಿತು.

"ಇದರಲ್ಲಿ ಏನು ಹಾಕ್ತೀರಿ, ಮ್ಮಾ?"

"ಸೋಡಾ."

"ಇಲ್ಲಿಯದೇನಾ? ಸುವಾದ್ದಾ?"

ಆಕೆ ನಗಾಡಿದರು. "ನೀರು ಬೆರೆಸೋದಷ್ಟೇ ನನ್ನ ಕೆಲಸ. ಎಲ್ಲಿಂದ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ತಾನೆ? ಹೂಂ, ಇನ್ನೊಂದು ಕಾಲು ಇಡಿ."